ಕ್ರಿಯಾಪದದೊಳಗಿನ ‘ನಾನು’

ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಭೂತಕಾಲದ ಪಾಠಕ್ಕೆ ಬಂದೊಡನೆ ಕೈಚೆಲ್ಲುವುದನ್ನು ಕಂಡಿದ್ದೇನೆ. ಒಂದೊಂದು ಕ್ರಿಯಾಪದಕ್ಕೂ ಆರಾರು ರೂಪಗಳ ಎರಡೆರಡು ಪಟ್ಟಿ. ಆದರೆ ಆ ಪಟ್ಟಿ ನಮಗೆ ಹೊಸದಲ್ಲ. ಅದರ ಮರ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೂ ಇದೆ.

ಮೊದಲು ಪಟ್ಟಿ ನೋಡೋಣ. ‘ತ್ರಬಹಾರ್’ ಎಂದರೆ ದುಡಿಯುವುದು. ಕೊನೆಯ ‘ಆರ್’ ಕಳಚಿ ಪ್ರತ್ಯಯ ಹಚ್ಚಿದರೆ ಭೂತಕಾಲ: ತ್ರಬಹೇ, ನಾನು ದುಡಿದೆ, ತ್ರಬಹಾಸ್ತೆ, ನೀನು ದುಡಿದೆ, ತ್ರಬಹೋ, ದುಡಿದ ಅಥವಾ ದುಡಿದಳು, ತ್ರಬಹಾಮೊಸ್, ದುಡಿದೆವು, ತ್ರಬಹಾಸ್ತೈಸ್, ದುಡಿದಿರಿ, ತ್ರಬಹಾರೊನ್, ದುಡಿದರು. ಒತ್ತು ಎಲ್ಲಿ ಬೀಳುತ್ತದೆ ಎಂಬುದಕ್ಕೆ ಕಿವಿಗೊಡಿ. ‘ತ್ರಬಾಹೊ’ ಎಂದರೆ ‘ನಾನು ದುಡಿಯುತ್ತೇನೆ’; ಒತ್ತು ಕೊನೆಗೆ ಜಾರಿ ‘ತ್ರಬಹೋ’ ಆಯಿತೆಂದರೆ ದುಡಿದವನು ಬೇರೆ, ಕಾಲವೂ ಬೇರೆ. ‘ಎರ್’, ‘ಇರ್’ ಎಂದು ಮುಗಿಯುವ ಕ್ರಿಯಾಪದಗಳು ಭೂತಕಾಲದಲ್ಲಿ ಒಂದೇ ಪ್ರತ್ಯಯಮಾಲೆಯನ್ನು ಹಂಚಿಕೊಳ್ಳುತ್ತವೆ: ಕೊಮೀ, ತಿಂದೆ, ಎಸ್ಕ್ರಿಬೀ, ಬರೆದೆ.

ಇದು ಮುಗಿದ ಕೆಲಸದ ಭೂತಕಾಲ. ಸ್ಪ್ಯಾನಿಷ್‌ಗೆ ಇನ್ನೊಂದು ಭೂತಕಾಲವಿದೆ: ‘ತ್ರಬಹಾಬ’. ವ್ಯಾಕರಣ ಪುಸ್ತಕಗಳು ಇದನ್ನು ‘ದುಡಿಯುತ್ತಿದ್ದೆ’ ಎಂದು ಹೇಳಿಕೊಡುತ್ತವೆ. ತಪ್ಪೇನಲ್ಲ, ಆದರೆ ಅದಕ್ಕಿಂತ ಹತ್ತಿರದ ರೂಪ ನಮ್ಮ ಮನೆಮಾತಿನಲ್ಲಿದೆ. ‘ಅಜ್ಜ ಬೆಳಗಿನಿಂದ ಸಂಜೆವರೆಗೆ ಹೊಲದಲ್ಲಿ ದುಡಿಯೋನು, ಅಜ್ಜಿ ರಾತ್ರಿ ಕತೆ ಹೇಳೋಳು.’ ಆ ‘ದುಡಿಯೋನು’, ‘ಹೇಳೋಳು’ಗಳಲ್ಲಿ ಇಂಥ ದಿನವೆಂಬುದಿಲ್ಲ, ಮುಗಿಯಿತೆಂಬುದೂ ಇಲ್ಲ, ರೂಢಿಯೊಂದೇ ಉಳಿದಿದೆ. ‘ತ್ರಬಹಾಬ’ದ ಜೀವ ಅಲ್ಲಿದೆ. ವರ್ಷ ಎಣಿಸಿ ಗಡಿ ಹಾಕಿದಿರೋ, ಅವಧಿ ಎಷ್ಟೇ ಉದ್ದವಿರಲಿ, ಮೊದಲ ಪಟ್ಟಿಗೆ ಮರಳಬೇಕು: ಹತ್ತು ವರ್ಷ ದುಡಿದೆ, ತ್ರಬಹೇ.

ಈಗ ಬ್ರಹ್ಮಗಿರಿಗೆ ಬರೋಣ. ಊರಿನವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದ ಆ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಅದರೊಳಗೆ ದೊರೆ ತನ್ನ ಲೆಕ್ಕ ಒಪ್ಪಿಸುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಅದರಲ್ಲಿ ಒಂದು ವರ್ಷ ಹೆಚ್ಚು ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ, ವರ್ಷಕ್ಕೂ ಮಿಗಿಲಾಗಿ, ಚೆನ್ನಾಗಿ ಶ್ರಮಿಸಿದ್ದೇನೆ.

ಆ ‘ಒಂದು ವರ್ಷ’ದ ಮಾತಿನಲ್ಲಿ ‘ಹುಸಂ’ ಎಂಬ ಪದ ಬರುತ್ತದೆ. ‘ಆಗಿದ್ದೆ’ ಎಂದು ಅದರ ಅರ್ಥ. ಕೊನೆಯ ‘ಅಂ’ ಎಂಬುದೇ ‘ನಾನು’. ಕನ್ನಡಕ್ಕೆ ತರುವಾಗ ನಾವು ‘ಶ್ರಮಿಸಲಿಲ್ಲ’ ಎನ್ನುತ್ತೇವೆ. ದುಡಿದೆ, ದುಡಿದ, ದುಡಿದಳು ಎಂದು ಕರ್ತೃವನ್ನು ಒಡಲಲ್ಲೇ ಹೊರುವ ನಮ್ಮ ಕ್ರಿಯಾಪದ, ‘ಇಲ್ಲ’ ಬಂದೊಡನೆ ಅವನನ್ನು ಕೆಳಗಿಳಿಸಿಬಿಡುತ್ತದೆ. ನಾನು ದುಡಿಯಲಿಲ್ಲ, ಅವಳು ದುಡಿಯಲಿಲ್ಲ, ಅವರು ದುಡಿಯಲಿಲ್ಲ: ಎಲ್ಲರಿಗೂ ಒಂದೇ ರೂಪ. ಸ್ಪ್ಯಾನಿಷ್ ಹಾಗೆ ಬಿಟ್ಟುಕೊಡುವುದಿಲ್ಲ. ‘ನೊ ತ್ರಬಹೇ’ ಎಂದಾಗ ದುಡಿಯದವನು ನಾನೇ ಎಂಬುದು ಆ ‘ಏ’ಕಾರದಲ್ಲೇ ಇದೆ. ಬಂಡೆಯ ಪ್ರಾಕೃತವೂ ಹಾಗೆಯೇ. ತಪ್ಪೊಪ್ಪಿಕೊಂಡವನು ಕ್ರಿಯಾಪದದೊಳಗೇ ನಿಂತಿದ್ದಾನೆ.

ಕಲಿಯುವವರಿಗೆ ನನ್ನ ಸಲಹೆ ಇಷ್ಟೇ. ಪಟ್ಟಿಯನ್ನು ಸುಮ್ಮನೆ ಬಾಯಿಪಾಠ ಮಾಡಬೇಡಿ. ಪ್ರತಿ ರೂಪಕ್ಕೂ ನಿಮ್ಮ ಬದುಕಿನ ಒಂದು ವಾಕ್ಯ ಕಟ್ಟಿ. ಮಾಡಿದ್ದನ್ನು ಬರೆಯಿರಿ, ಮಾಡದೆ ಬಿಟ್ಟದ್ದನ್ನೂ ‘ನೊ’ ಸೇರಿಸಿ ಬರೆಯಿರಿ. ನೆನಪಿಗೆ ಅಂಟುವುದು ಆ ಎರಡನೆಯದೇ.

ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನ ಹೆಸರಿದೆ. ‘ಲಿಪಿಕಾರನಿಂದ’ ಎಂಬ ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೊರೆದ. ಸ್ಪ್ಯಾನಿಷ್‌ನಲ್ಲಿ ಅವನ ಕೆಲಸಕ್ಕೆ ಯಾವ ಭೂತಕಾಲ? ಎಸ್ಕ್ರಿಬ್ಯೋ. ಬರೆದ, ಮುಗಿಸಿದ.