ಮೇಳಗಣಿತವೂ ನವಸೃಷ್ಟಿಯೂ

ಸ್ವರಗಳು ಪರಿಮಿತವಾದುದರಿಂದ ಸಂಗೀತದಲ್ಲಿ ಅಪೂರ್ವಸೃಷ್ಟಿಗೆ ಇನ್ನು ಅವಕಾಶವಿಲ್ಲವೆಂಬ ವಾದವೊಂದುಂಟು. ಅದಕ್ಕೆ ಆಧಾರವಾಗಿ 17ನೆಯ ಶತಮಾನದ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಗಣಿಸಿದ 72 ಮೇಳಗಳನ್ನು ತೋರಿಸುವರು. ಗಣಿತವು ನಿರ್ದುಷ್ಟವೇ ಸರಿ. ಆದರೆ ಆ ಗ್ರಂಥಕಾರನು ಲಕ್ಷಣ ಹೇಳಿರುವ ಮೇಳಗಳು 19 ಮಾತ್ರ. ಉಳಿದುವು ಆಗಿನ್ನೂ ಬರಿಯ ಸಂಖ್ಯೆಗಳು.

ಇದಕ್ಕಿಂತಲೂ ವಿಚಾರಾರ್ಹವಾದುದು ಆ 19ರಲ್ಲೊಂದಾದ ಶ್ರೀರಾಗಮೇಳ. ಈಗ ಖರಹರಪ್ರಿಯವೆನಿಸಿರುವ 22ನೆಯ ಮೇಳದ ಸ್ವರಗಳೂ ಅವೇ. ಆದರೂ ತ್ಯಾಗರಾಜರ (1767–1847) ಕೃತಿಗಳಲ್ಲಿ ಖರಹರಪ್ರಿಯವು ತಳೆದ ರೂಪವನ್ನು ಶ್ರೀರಾಗವೆಂದು ಭ್ರಮಿಸುವ ರಸಿಕನಿಲ್ಲ. ಸ್ವರಗಳ ಲೆಕ್ಕವೊಂದೇ, ಸಂಚಾರ, ಗಮಕ, ನ್ಯಾಸಗಳು ಬೇರೆ. ಕೋಷ್ಟಕವನ್ನು ಹಿಡಿದು ಸೃಷ್ಟಿಯು ಮುಗಿಯಿತೆನ್ನುವವರೂ, ಅದೇ ಕೋಷ್ಟಕದಿಂದ ಸ್ವರಗಳನ್ನಾರಿಸಿ ಹೊಸ ರಾಗವನ್ನು ಕಂಡೆವೆನ್ನುವವರೂ ಮರೆಯುವುದು ಇದನ್ನೇ. (ಎರಡನೆಯವರ ಸಂಖ್ಯೆಯೇನೂ ಅಲ್ಪವಲ್ಲ.)

ಮೈಸೂರಿನ ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ (1877–1945) ಮೋಹನಕಲ್ಯಾಣಿಯನ್ನು ಪರಿಶೀಲಿಸಬಹುದು. ಆರೋಹಣವು ಮೋಹನದ್ದು, ಅವರೋಹಣವು ಕಲ್ಯಾಣಿಯದು. ಆದುದರಿಂದ ಇದು ಕೇವಲ ಜೋಡಣೆಯೆಂದು ಆಕ್ಷೇಪಿಸಬಹುದು. ಕಾಗದದ ಮೇಲೆ ಆಕ್ಷೇಪಕ್ಕೆ ಉತ್ತರವಿಲ್ಲ. ಅವರ ‘ಭುವನೇಶ್ವರಿಯ’ ಎಂಬ ಕನ್ನಡ ಕೃತಿಯನ್ನು ಕೇಳುವಾಗಲಾದರೋ, ಮೋಹನವು ಎಲ್ಲಿ ಮುಗಿದು ಕಲ್ಯಾಣಿಯು ಎಲ್ಲಿ ಮೊದಲಾಯಿತೆಂದು ಹುಡುಕಬೇಕೆಂಬುದೇ ನೆನಪಿಗೆ ಬಾರದು.