ಮಣ್ಣುದಾರಿಗೆ ಹೇಳಿ ಮಾಡಿಸಿದ ಬೈಕು

ಕೊಡಗಿನ ಮುಂಗಾರು ಡಾಂಬರನ್ನೇ ಕಿತ್ತುಹಾಕುತ್ತದೆ. ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳಂತೂ ಕೊರಕಲು ಬಿದ್ದಿರುತ್ತವೆ. ಡಾಂಬರು, ಮಣ್ಣು ಎರಡರ ಮೇಲೂ ಓಡುವ ಡ್ಯುಯಲ್ ಸ್ಪೋರ್ಟ್ ಬೈಕಿನ ಬೆಲೆ ಗೊತ್ತಾಗುವುದು ಇಂಥ ಕಡೆಯೇ.

ಮಣ್ಣುದಾರಿಗೂ ಒಗ್ಗುವ ಇಂಥ ಬೈಕುಗಳಾಗಿ ಭಾರತದಲ್ಲಿ 2011ರಲ್ಲಿ ಹೀರೊ ಇಂಪಲ್ಸ್, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂದವು. ಎಕ್ಸ್‌ಪಲ್ಸ್‌ನ 21 ಇಂಚಿನ ಮುಂದಿನ ಚಕ್ರ ಗುಂಡಿಯಲ್ಲಿ ಸಿಕ್ಕಿಕೊಳ್ಳದೆ ಕಲ್ಲನ್ನು ಹತ್ತಿ ಇಳಿಯುತ್ತದೆ. ಬೈಕಿನ ಹೊಟ್ಟೆ ನೆಲದಿಂದ 220 ಮಿ.ಮೀ. ಮೇಲಿದೆ. ಸೈಲೆನ್ಸರನ್ನೂ ಎತ್ತರಕ್ಕೆ ಕಟ್ಟಿರುವುದರಿಂದ ತೋಡು ದಾಟುವಾಗ ಅದಕ್ಕೆ ನೀರು ನುಗ್ಗುವ ಭಯ ಕಡಿಮೆ.

ಇಂಥ ಬೈಕನ್ನು ಮೊದಲ ಸಲ ಕೊಂಡವರು ಕೊಡಗಿನ ಮಾಂದಲ್‌ಪಟ್ಟಿಯಂಥ ಏರುದಾರಿಯಲ್ಲಿ ಸವಾರಿಯನ್ನೇ ಹೊಸದಾಗಿ ಕಲಿಯುತ್ತಾರೆ: ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲು ಸಡಿಲಬಿಟ್ಟು, ಬೈಕನ್ನು ಕೆಳಗೆ ಕುಣಿಯಲು ಬಿಡುವುದು. ಒದ್ದೆ ಎಲೆ ಹಾಸಿದ ಇಳಿಜಾರಿನಲ್ಲಿ ಮುಂದಿನ ಬ್ರೇಕಿಗಿಂತ ಮೊದಲ ಗೇರನ್ನು ನಂಬುವುದು.

ತೋಟದೊಳಗಿನ ದಾರಿಗಳಿಗೆ ಮಾತ್ರ ಮಾಲೀಕರ ಒಪ್ಪಿಗೆ ಬೇಕೇ ಬೇಕು.