ಆಕ್ಷೇಪವಿಲ್ಲದ ಸಮಾಧಾನ: ಹಿಂಸೆಯ ನಂತರ ಸಭೆ ಆಡುವ ಮಾತಿನ ವಿಮರ್ಶೆ

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಸಮೀಪದ ಅಡೋರೇಷನ್ ಮೊನಾಸ್ಟ್ರಿಯ ಮೇಲೂ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಪ್ರಾರ್ಥನಾಲಯಗಳ ಮೇಲೂ ದಾಳಿಗಳಾದವು. ಶಿಲುಬೆಗಳು ಮುರಿದವು, ಪರಮಪ್ರಸಾದದ ಪೆಟ್ಟಿಗೆ ಅಪವಿತ್ರಗೊಂಡಿತು. ಪ್ರತಿಭಟಿಸಲು ಬೀದಿಗಿಳಿದವರ ಮೇಲೆ ಪೊಲೀಸರ ಲಾಠಿಗಳು ಬಿದ್ದವು. ಆ ದಿನಗಳನ್ನು ನೆನೆಯುವ ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ: ನಾವು ಕ್ಷಮಿಸಿದ್ದೇವೆ. ಯಾರನ್ನು ಕ್ಷಮಿಸಿದ್ದೇವೆ, ಯಾವ ಕೃತ್ಯಕ್ಕಾಗಿ, ಯಾರ ಪರವಾಗಿ ಎಂಬ ಪ್ರಶ್ನೆಗಳು ಆ ವಾಕ್ಯದ ಹೊರಗೇ ಉಳಿಯುತ್ತವೆ. ಈ ಲೇಖನದಲ್ಲಿ ನಾವು ಆ ವಾಕ್ಯವನ್ನೇ ವಿಮರ್ಶೆಗೆ ಒಡ್ಡುತ್ತೇವೆ. ಅದಕ್ಕೆ ಬೆಂಬಲವಾಗಿ ಬಹಳ ಸಲ ಹೆಸರಿಸಲಾಗುವ ಡೆಸ್ಮಂಡ್ ಟುಟು ಅವರ ‘ಕ್ಷಮೆಯಿಲ್ಲದೆ ಭವಿಷ್ಯವಿಲ್ಲ’ (1999) ಎಂಬ ಗ್ರಂಥವನ್ನೂ, ಅದೇ ದೇಶದಲ್ಲಿ ಅದಕ್ಕಿಂತ ಮೊದಲು ಹೊರಬಂದ ಕೈರೋಸ್ ದಸ್ತಾವೇಜನ್ನೂ (1985) ನಮ್ಮ ನಾಡಿನ ಅನುಭವದ ಮುಂದಿಟ್ಟು ಓದುತ್ತೇವೆ.

ಮೊದಲಿಗೆ ಒಂದು ಪದದ ವಿಚಾರ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪೌಲನು ದೇವರಿಗೂ ಮನುಷ್ಯರಿಗೂ ಮತ್ತೆ ಕೂಡಿಬಂದ ಸಂಬಂಧವನ್ನು ಹೇಳುವಾಗ, ಕನ್ನಡ ಸತ್ಯವೇದ ಬಳಸುವ ಮಾತು ‘ಸಮಾಧಾನ’. ಈ ಪದಕ್ಕೆ ನಮ್ಮ ಊರುಗಳಲ್ಲಿ ಬೇರೊಂದು ಬಳಕೆಯಿದೆ. ಅಳುತ್ತಿರುವವರಿಗೆ, ಕೋಪಗೊಂಡವರಿಗೆ, ಅನ್ಯಾಯವಾಯಿತೆಂದು ಕೂಗುವವರಿಗೆ ‘ಸಮಾಧಾನ ಮಾಡಿಕೊಳ್ಳಿ’ ಎನ್ನುತ್ತೇವೆ. ಹೊಡೆದವನಿಗೆ ಯಾರೂ ಹಾಗೆನ್ನುವುದಿಲ್ಲ. ಹೀಗೆ ಸುವಾರ್ತೆಯ ಮುಖ್ಯ ಪದವೊಂದು ಪ್ರಸಂಗಪೀಠದಿಂದ ಇಳಿಯುವ ಹೊತ್ತಿಗೆ ಪೆಟ್ಟು ತಿಂದವರಿಗೆ ಕೊಡುವ ಬುದ್ಧಿಮಾತಾಗಿ ಮಾರ್ಪಡುತ್ತದೆ.

ಅದೇ ಪದಕ್ಕೆ ನಮ್ಮ ಶಾಸ್ತ್ರಪರಂಪರೆಯಲ್ಲಿ ಇನ್ನೊಂದು ಅರ್ಥವೂ ಇದೆ. ವಾದದಲ್ಲಿ ಮೊದಲು ಆಕ್ಷೇಪ, ಆಮೇಲೆ ಸಮಾಧಾನ. ಆಕ್ಷೇಪವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸದೆ ಸಮಾಧಾನ ಹೇಳುವವನನ್ನು ಯಾವ ಪಂಡಿತಸಭೆಯೂ ಒಪ್ಪುತ್ತಿರಲಿಲ್ಲ. ಹೀಬ್ರೂ ಭಾಷೆ ಇದಕ್ಕೆ ದೂರದ್ದಲ್ಲ. ‘ಶಾಲೋಮ್’ ಎಂಬ ಪದವೂ, ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಕದ್ದವನು ತೆರಬೇಕಾದ ನಷ್ಟಪರಿಹಾರಕ್ಕೆ ಬಳಕೆಯಾದ ಕ್ರಿಯಾಪದವೂ ಒಂದೇ ಧಾತುವಿನಿಂದ ಬಂದವು. ಕುಂದಿದ್ದನ್ನು ಪೂರ್ತಿಗೊಳಿಸದೆ ಪೂರ್ಣತೆ ಇಲ್ಲವೆಂಬುದು ಆ ಭಾಷೆಯ ಒಳಗೇ ಇರುವ ತಿಳಿವಳಿಕೆ. ನಮ್ಮ ವಾದ ಇಷ್ಟೇ: ಆಕ್ಷೇಪವನ್ನು ಕೇಳದೆ ಹೇಳುವ ಸಮಾಧಾನವನ್ನು ಸಭೆ ಸುವಾರ್ತೆಯ ಹೆಸರಿನಲ್ಲಿ ಸಾರಬಾರದು.

2008ರ ದಾಳಿಗಳ ತರುವಾಯ ಆಕ್ಷೇಪವನ್ನು ಕೇಳುವ ಕೆಲಸವನ್ನು ರಾಜ್ಯ ಸರ್ಕಾರವು ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗಕ್ಕೆ ಒಪ್ಪಿಸಿತು. 2011ರ ಜನವರಿಯಲ್ಲಿ ಸಲ್ಲಿಕೆಯಾದ ಅಂತಿಮ ವರದಿಯು, ಸರ್ಕಾರಕ್ಕಾಗಲಿ ಆಡಳಿತ ಪಕ್ಷಕ್ಕಾಗಲಿ ಮುಖ್ಯವಾಹಿನಿಯ ಸಂಘಪರಿವಾರಕ್ಕಾಗಲಿ ದಾಳಿಗಳಲ್ಲಿ ನೇರವಾದ ಅಥವಾ ಪರೋಕ್ಷವಾದ ಪಾತ್ರವಿತ್ತೆಂಬ ಕ್ರೈಸ್ತ ಅರ್ಜಿದಾರರ ಶಂಕೆಗೆ ಆಧಾರವಿಲ್ಲವೆಂದಿತು. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ್ಹಾ ಅವರು ಸ್ವತಂತ್ರವಾಗಿ ನಡೆಸಿದ ವಿಚಾರಣೆ ಇದಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದು, ಸರ್ಕಾರವನ್ನೇ ಹೊಣೆಗಾರನನ್ನಾಗಿಸಿತು. ಎರಡು ವರದಿಗಳು ಎದುರುಬದುರಾಗಿ ನಿಂತವು. ಪೆಟ್ಟು ತಿಂದವರು ಅವುಗಳ ನಡುವೆ ಉಳಿದರು.

ಇಲ್ಲಿ ವಿಚಾರಣಾ ಆಯೋಗವೆಂಬ ವ್ಯವಸ್ಥೆಯ ಸ್ವರೂಪವನ್ನು ಗಮನಿಸಬೇಕು. 1952ರ ವಿಚಾರಣಾ ಆಯೋಗಗಳ ಕಾಯಿದೆಯಡಿ ನೇಮಕವಾದ ಆಯೋಗ ಸಾಕ್ಷಿಗಳನ್ನು ಕರೆಸಬಲ್ಲದು, ದಾಖಲೆಗಳನ್ನು ತರಿಸಬಲ್ಲದು. ಆದರೆ ಯಾರನ್ನೂ ಶಿಕ್ಷಿಸಲಾರದು, ಅದರ ತೀರ್ಮಾನಗಳು ಸರ್ಕಾರವನ್ನು ಕಟ್ಟಿಹಾಕುವುದೂ ಇಲ್ಲ. ದಕ್ಷಿಣ ಆಫ್ರಿಕದ ಸತ್ಯ ಮತ್ತು ಸಮನ್ವಯ ಆಯೋಗವು 1995ರ ಕಾಯಿದೆಯಿಂದ ಹುಟ್ಟಿದ್ದು. ಅದರ ಕೈಯಲ್ಲಿ ಒಂದು ವಿನಿಮಯವಿತ್ತು: ಕೃತ್ಯವನ್ನು ಪೂರ್ತಿಯಾಗಿ ಹೊರಗೆಡವಿದವನಿಗೆ, ಆ ಕೃತ್ಯಕ್ಕೆ ರಾಜಕೀಯ ಉದ್ದೇಶವಿತ್ತೆಂದು ತೋರಿಸಿದವನಿಗೆ, ಮಾಫಿ. ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು, ಬಹುಪಾಲು ತಿರಸ್ಕೃತವಾದವು. ಟುಟು ಅವರ ಗ್ರಂಥದ ಶೀರ್ಷಿಕೆಯನ್ನು ಮಾತ್ರ ಉದ್ಧರಿಸುವವರು ಈ ಸಂಗತಿಯನ್ನು ಮರೆಯುತ್ತಾರೆ. ಅಲ್ಲಿ ಮಾಫಿಗೆ ಬೆಲೆಯಿತ್ತು, ಆ ಬೆಲೆ ಸತ್ಯ. ನಮ್ಮಲ್ಲಿ ಅಂಥ ಬೆಲೆಯನ್ನು ಕೇಳುವ ಪೀಠವೇ ಇರಲಿಲ್ಲ. ಆದ್ದರಿಂದ ಅಲ್ಲಿನ ಕ್ಷಮೆಯ ಮಾತನ್ನು ಮಾತ್ರ ತಂದು ಇಲ್ಲಿ ನೆಡುವುದು ಬೇರನ್ನು ಬಿಟ್ಟು ಕೊಂಬೆಯನ್ನು ನೆಟ್ಟಂತೆ.

ಗ್ರಂಥದ ಮಿತಿಯನ್ನೂ ಹೇಳಬೇಕು. ಅಪರಾಧಿಯ ಪಶ್ಚಾತ್ತಾಪಕ್ಕಾಗಿ ಕಾಯುತ್ತ ಕುಳಿತರೆ ನೊಂದವನು ಅಪರಾಧಿಯ ಇಚ್ಛೆಗೇ ಸೆರೆಯಾಗುತ್ತಾನೆಂದು ಟುಟು ವಾದಿಸುತ್ತಾರೆ. ಒಬ್ಬ ವ್ಯಕ್ತಿಯ ಅಂತರಂಗದ ಬಿಡುಗಡೆಯ ಮಟ್ಟಿಗೆ ಇದು ಆಳವಾದ ಸತ್ಯ. ಆದರೆ ವ್ಯಕ್ತಿಗೆ ಸಲ್ಲುವ ಈ ಸತ್ಯವನ್ನು ಸಂಸ್ಥೆಗೆ ಅನ್ವಯಿಸಿದಾಗ ಅದರ ಅರ್ಥ ಕೆಡುತ್ತದೆ. ನೊಂದವಳು ಕಾಯದೆ ಕ್ಷಮಿಸಬಹುದು. ಅವಳ ಪರವಾಗಿ ಬಿಷಪರಾಗಲಿ ಸಿನೊಡ್ ಆಗಲಿ ಸರ್ಕಾರವಾಗಲಿ ಕ್ಷಮಿಸಲು ಬರುವುದಿಲ್ಲ. ಸ್ಟೀವ್ ಬಿಕೋ ಅವರ ಕುಟುಂಬ 1996ರಲ್ಲಿ ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯದ ಮುಂದೆ ಮಾಫಿಯ ವಿಧಿಯನ್ನು ಪ್ರಶ್ನಿಸಿ ಸೋತಿತು. ಸೋತರೂ ಅವರ ಪ್ರಶ್ನೆ ದೈವಶಾಸ್ತ್ರದಲ್ಲಿ ಉಳಿದಿದೆ: ಸತ್ತವನ ನ್ಯಾಯವನ್ನು ಬಿಟ್ಟುಕೊಡುವ ಹಕ್ಕು ಯಾರದು? ಕೈರೋಸ್ ದಸ್ತಾವೇಜು ‘ಸಭಾ ದೈವಶಾಸ್ತ್ರ’ ಎಂದು ಹೆಸರಿಟ್ಟು ಟೀಕಿಸಿದ್ದು ಈ ಪ್ರಶ್ನೆಯನ್ನು ದಾಟಿಹೋಗುವ ಪ್ರವೃತ್ತಿಯನ್ನೇ. ಅನ್ಯಾಯ ಇನ್ನೂ ನಡೆಯುತ್ತಿರುವಾಗ ಇಬ್ಬರಿಗೂ ಸಮನಾಗಿ ಸಮನ್ವಯವನ್ನು ಬೋಧಿಸುವುದು ಬಲವಂತನ ಪಕ್ಷ ವಹಿಸಿದಂತೆ ಎಂಬುದು ಅದರ ತಿರುಳು.

ನಮ್ಮ ರಾಜ್ಯದಲ್ಲಿ ಇತರರ ಪರವಾಗಿ ಕ್ಷಮಿಸುವ ಕೆಲಸವನ್ನು ಸರ್ಕಾರಗಳು ಸಲೀಸಾಗಿ ಮಾಡುತ್ತ ಬಂದಿವೆ. 2020ರ ಆಗಸ್ಟ್‌ನಲ್ಲಿ 61 ಪ್ರಕರಣಗಳನ್ನು ಹಿಂತೆಗೆಯುವ ಆದೇಶ ಹೊರಟಿತು; ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆಯೊಡ್ಡಿತು. 2024ರ ಅಕ್ಟೋಬರ್‌ನಲ್ಲಿ ಮತ್ತೊಂದು ಪಕ್ಷದ ಸರ್ಕಾರ 43 ಪ್ರಕರಣಗಳನ್ನು ಹಿಂತೆಗೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನೂ ರದ್ದುಗೊಳಿಸಿತು. ಪಕ್ಷಗಳು ಬೇರೆ, ಪದ್ಧತಿ ಒಂದೇ. ಇನ್ನು ಪ್ರಕರಣ ನ್ಯಾಯಾಲಯಕ್ಕೆ ಹೋದರೂ ಸತ್ಯ ಅಲ್ಲಿಗೆ ತಲುಪದಿರಬಹುದು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸುಟ್ಟು ಸತ್ತರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಅದೇ ನಾಡಿನಲ್ಲಿ 2014ರ ಮರಕುಂಬಿಯ ದಾಳಿಗೆ ಹತ್ತು ವರ್ಷಗಳ ನಂತರ, 2024ರಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸಾಕ್ಷಿ ಹೇಳುವವರ ಬೆನ್ನಿಗೆ ಯಾರು ನಿಂತಿದ್ದಾರೆ ಎಂಬುದು ಎಷ್ಟು ಮುಖ್ಯವೆಂದು ಕಂಬಾಲಪಲ್ಲಿ ತಿಳಿಸುತ್ತದೆ.

ಹಾಸನದ ಸುತ್ತಲ ನಮ್ಮ ಊರುಗಳೂ ಈ ಮಾತಿಗೆ ಹೊರತಲ್ಲ. ಬೂವನಹಳ್ಳಿಯಿಂದ ಹೊಳೆನರಸೀಪುರದವರೆಗೆ ಎಲ್ಲ ಹಳ್ಳಿಗಳಿಗೂ ‘ತಪ್ಪುಕಾಣಿಕೆ’ ಎಂಬ ಪದ ಗೊತ್ತು: ತಪ್ಪು ಮಾಡಿದವನು ತಾನೇ ಒಪ್ಪಿ ದೇವರ ಮುಂದಿಡುವ ಕಾಣಿಕೆ. ಆದರೆ 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನವನ್ನು ಪ್ರವೇಶಿಸಿದ ದಲಿತ ಮಹಿಳೆಯರ ಮೇಲೆಯೇ ದಂಡ ಹೇರಲಾಯಿತು. ಬಾಗಿಲು ಮುಚ್ಚಿದವರು ತೆರಬೇಕಾದ ಕಾಣಿಕೆಯನ್ನು ಬಾಗಿಲು ದಾಟಿದವರಿಂದ ಕೇಳಲಾಯಿತು. ಇಂಥ ಪ್ರಸಂಗಗಳ ನಂತರ ಅಧಿಕಾರಿಗಳು ಕರೆಯುವ ಶಾಂತಿ ಸಭೆಗಳಲ್ಲಿ ಸಭಾಪಾಲಕರಿಗೂ ಒಮ್ಮೊಮ್ಮೆ ಕುರ್ಚಿ ಸಿಗುತ್ತದೆ. ಅಲ್ಲಿ ನಾವು ಯಾರಿಗೆ ‘ಸಮಾಧಾನ’ ಹೇಳುತ್ತೇವೆ ಎಂಬುದರಲ್ಲಿ ನಮ್ಮ ದೈವಶಾಸ್ತ್ರ ಬಯಲಾಗುತ್ತದೆ.

ಸತ್ಯವೇದ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಅರಣ್ಯಕಾಂಡದ ಐದನೆಯ ಅಧ್ಯಾಯದಲ್ಲಿ ಅಪರಾಧಿ ತನ್ನ ಪಾಪವನ್ನು ಅರಿಕೆಮಾಡಿ, ಮೂಲದ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ನಷ್ಟ ಹೊಂದಿದವನಿಗೆ ಕೊಡಬೇಕು. ಮತ್ತಾಯನ ಸುವಾರ್ತೆ 5:23-24ರಲ್ಲಿ ಯಜ್ಞವೇದಿಯ ಬಳಿ ಕಾಣಿಕೆಯನ್ನು ಬಿಟ್ಟು ಹೋಗಬೇಕಾದವನು ಯಾರು? ಸಹೋದರನಿಗೆ ತನ್ನ ಮೇಲೆ ಆಕ್ಷೇಪವಿದೆಯೆಂದು ನೆನಪಾದವನು. ಕರ್ತನು ಆರಾಧನೆಯನ್ನು ನಿಲ್ಲಿಸಿ ಅವನನ್ನು ಹೊರಗೆ ಕಳುಹಿಸುತ್ತಾನೆ. ಲೂಕ 17:3ರಲ್ಲಿ ಗದರಿಕೆ ಮೊದಲು, ಮಾನಸಾಂತರ ಆಮೇಲೆ, ಕ್ಷಮೆ ಅದರ ನಂತರ. ಜಕ್ಕಾಯನ ಮನೆಯಲ್ಲಿ ರಕ್ಷಣೆಯ ಘೋಷಣೆ ಕೇಳಿಬರುವುದು ಅವನು ನಾಲ್ಕರಷ್ಟು ಹಿಂದಕ್ಕೆ ಕೊಡುವ ಮಾತಾಡಿದ ಮೇಲೆ. ಯೋಸೇಫನು ತನ್ನ ಅಣ್ಣಂದಿರನ್ನು ಅಪ್ಪಿಕೊಳ್ಳುವುದು, ಹಿಂದೆ ತಮ್ಮನನ್ನು ಮಾರಲು ಮುಂದಾದ ಯೆಹೂದನು ಈಗ ಮತ್ತೊಬ್ಬ ತಮ್ಮನಾದ ಬೆನ್ಯಾಮೀನನ ಬದಲಿಗೆ ತಾನೇ ದಾಸನಾಗಲು ಒಪ್ಪಿದ ಮೇಲೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. 2 ಕೊರಿಂಥ 5ರಲ್ಲಿ ಮೊದಲ ಹೆಜ್ಜೆಯಿಡುವವನು ಅಪರಾಧಕ್ಕೆ ಗುರಿಯಾದ ದೇವರೇ. ನಾವು ಪಶ್ಚಾತ್ತಾಪಪಡುವ ಮುಂಚೆಯೇ ಆತನು ನಮ್ಮನ್ನು ಸೇರಿಸಿಕೊಂಡನು. ಹಾಗಿದ್ದ ಮೇಲೆ ನೊಂದ ಸಭೆ ಏಕೆ ಕಾಯಬೇಕು? ಉತ್ತರ ಪೌಲನ ಪತ್ರಿಕೆಯಲ್ಲೇ ಇದೆ. ದೇವರು ತನಗೆ ವಿರೋಧವಾದ ಅಪರಾಧವನ್ನು ತಾನೇ ಹೊತ್ತನು. ಮತ್ತೊಬ್ಬರ ಗಾಯವನ್ನು ಲೆಕ್ಕದಿಂದ ಅಳಿಸಲಿಲ್ಲ. ಶಿಲುಬೆಯ ಮೇಲೆ ಪಾಪ ಮರೆಯಾಗಲಿಲ್ಲ. ಎಲ್ಲರೂ ಕಾಣುವಂತೆ ಎತ್ತರಕ್ಕೇರಿತು. ಸಭೆ ಆ ದೇವರ ರಾಯಭಾರಿ. ನೊಂದವರ ವಕಾಲತ್ತು ಪಡೆಯದೆ ಅವರ ಮೊಕದ್ದಮೆಯನ್ನು ರಾಜಿ ಮಾಡುವ ಅಧಿಕಾರ ರಾಯಭಾರಿಗಿಲ್ಲ.

ಕ್ಷಮೆ ಮತ್ತು ನ್ಯಾಯ ಜೊತೆಯಾಗಿ ನಡೆಯಬಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಸುಟ್ಟು ಕೊಂದಾಗ, ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು. ಅದು ಅವರದೇ ಗಾಯ, ಅವರದೇ ಮಾತು. ನ್ಯಾಯಾಲಯದ ಕೆಲಸವನ್ನು ಆ ಕ್ಷಮೆ ನಿಲ್ಲಿಸಲಿಲ್ಲ. ಮುಖ್ಯ ಆರೋಪಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಈ ಕ್ಷಮೆಯನ್ನು ನಮ್ಮ ಪ್ರಸಂಗಗಳು ಎಷ್ಟೋ ಸಲ ಮಾದರಿಯಾಗಿ ಮುಂದಿಟ್ಟಿವೆ. ಮಾದರಿಯಾಗಿ ಇಡುವುದು ಸರಿ. ಕಡ್ಡಾಯವಾಗಿಸಿದರೆ ಅದು ಕ್ಷಮೆಯಾಗಿ ಉಳಿಯುವುದಿಲ್ಲ.

ಅಪರಾಧದ ಪಕ್ಷದಿಂದ ಬರುವ ಹೆಜ್ಜೆಯ ಬಗೆಗೂ ನಮಗೊಂದು ಪಾಠವಿದೆ. 2008ರಲ್ಲಿ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದ ಮಹೇಂದ್ರ ಕುಮಾರ್ ದಾಳಿಗಳ ಹೊಣೆಯನ್ನು ಬಹಿರಂಗವಾಗಿ ಹೊತ್ತು ಬಂಧಿತರಾದರು. ಅವರು ಮುಂದೆ ಆ ಸಂಘಟನೆಯನ್ನು ತೊರೆದು, ಕೋಮು ರಾಜಕಾರಣದ ಕಟು ಟೀಕಾಕಾರರಾಗಿ ರಾಜ್ಯದುದ್ದಕ್ಕೂ ಮಾತನಾಡಿದರು. 2020ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಅಂತರಂಗವನ್ನು ಅಳೆಯುವುದು ನಮ್ಮ ಕೆಲಸವಲ್ಲ. ಆದರೆ ಅವರಂಥವರು ತಿರುಗಿಬಂದಾಗ ಬಂದು ನಿಲ್ಲಬಹುದಾದ ಸ್ಥಳ ಯಾವುದು? ತಾನು ಕಂಡದ್ದನ್ನು, ಮಾಡಿದ್ದನ್ನು, ಮಾಡಿಸಿದವರನ್ನು ಹೆಸರಿಸಿ ಹೇಳುವ ಪೀಠ, ಎದುರಿಗೆ ಕುಳಿತು ಪ್ರಶ್ನೆ ಕೇಳುವ ಮೊನಾಸ್ಟ್ರಿಯ ಸೋದರಿ, ಆ ಉತ್ತರವನ್ನು ದಾಖಲಿಸುವ ಕೈ, ಇವು ಮೂರೂ ಕೂಡಿದಾಗ ಮಾತ್ರ ಮನಸ್ಸಿನ ತಿರುವು ಸಮನ್ವಯದ ಕಡೆಗೆ ಸಾಗುತ್ತದೆ. ಮುಂಚಿತವಾಗಿಯೇ ‘ಕ್ಷಮಿಸಿದ್ದೇವೆ’ ಎಂದುಬಿಟ್ಟ ಸಭೆಯ ಬಳಿಗೆ ಅಂಥವನು ಏನನ್ನು ಹೊತ್ತು ಬರಬೇಕು? ಅಗ್ಗದ ಕ್ಷಮೆ ನೊಂದವರಿಗೆ ಮಾಡುವಷ್ಟೇ ಅನ್ಯಾಯವನ್ನು ಪಶ್ಚಾತ್ತಾಪಿಗೂ ಮಾಡುತ್ತದೆ. ಅವನು ಸಲ್ಲಿಸಬೇಕಾದ ಕಾಣಿಕೆಯನ್ನು ಕೇಳುವವರೇ ಇಲ್ಲದಂತಾಗುತ್ತದೆ.

ಸಭೆಯೊಳಗಿನ ಒಂದು ಬಿರುಕನ್ನೂ ಇಲ್ಲಿ ಹೇಳಬೇಕು. 2008ರಲ್ಲಿ ನ್ಯೂ ಲೈಫ್ ಪ್ರಾರ್ಥನಾ ಮಂದಿರಗಳು ದಾಳಿಗೊಳಗಾದಾಗ, ಅವರು ನಮ್ಮವರಲ್ಲ ಎಂಬ ಮಾತು ಹಳೆಯ ಸಭೆಗಳ ಕಡೆಯಿಂದ ಕೇಳಿಬಂತು. ಬೋಧನೆಯ ಭಿನ್ನಾಭಿಪ್ರಾಯ ಇರಲಿ. ಪೆಟ್ಟು ಬಿದ್ದ ದಿನ ಅದನ್ನು ಮುಂದೆ ಮಾಡಿದರೆ ಪೆಟ್ಟಿಗೆ ಸಮರ್ಥನೆ ಒದಗುತ್ತದೆ.

ಹಾಗಾದರೆ ಮುಂದೆ ಸೇವೆಗೆ ಹೊರಡುವ ನಮ್ಮ ವಿದ್ಯಾರ್ಥಿಗಳು ಏನು ಮಾಡಬೇಕು? ಹಿಂಸೆ ನಡೆದ ಊರಿನಲ್ಲಿ ಮೊದಲು ಕೇಳಿ, ಕೇಳಿದ್ದನ್ನು ದಿನಾಂಕ ಸಹಿತ ಬರೆದಿಡಿ. ಸಾಕ್ಷಿ ಹೇಳಲು ಹೋಗುವವರ ಜೊತೆ ನ್ಯಾಯಾಲಯದ ಜಗಲಿಯವರೆಗೆ ಹೋಗಿ. ಮುಂದೂಡಿದ ಪ್ರತಿ ದಿನಾಂಕಕ್ಕೂ ಹೋಗಿ. ನೊಂದವರು ಕೂರದ ಶಾಂತಿ ಸಭೆಯ ಕಾಗದಕ್ಕೆ ಸಹಿ ಹಾಕಬೇಡಿ. ಕ್ಷಮೆಯನ್ನು ಬೋಧಿಸುವಾಗ ನೊಂದವರಿಗೆ ಅದನ್ನು ವರವಾಗಿ ತಿಳಿಸಿ, ನೋಯಿಸಿದವರಿಗೆ ಅದರ ದಾರಿಯನ್ನು ತೋರಿಸಿ: ಅರಿಕೆ, ಹಿಂದಿರುಗಿಸುವಿಕೆ, ಮಾನಸಾಂತರ. ಗಾಯವನ್ನು ಹಗುರವಾಗಿ ವಾಸಿಮಾಡಿ ಸಮಾಧಾನವೆಂದು ಸಾರಿದವರನ್ನು ಯೆರೆಮೀಯನು ಖಂಡಿಸಿದನು. ಆ ಪ್ರವಾದಿಯ ಖಂಡನೆಗೆ ಗುರಿಯಾದವರಲ್ಲಿ ಯಾಜಕರೂ ಇದ್ದರೆಂಬುದನ್ನು ಅಭ್ಯಾಸಪೀಠದಲ್ಲಿ ಕುಳಿತು ಪ್ರಸಂಗ ಸಿದ್ಧಪಡಿಸುವಾಗ ನಾವೆಲ್ಲರೂ ಮತ್ತೊಮ್ಮೆ ಓದಿಕೊಳ್ಳುವುದು ಒಳಿತು.